ಎಂಟು ಮನೆಗಳ ಅಕ್ಕಿ

ವಠಾರದ ಮೂರನೆಯ ಮನೆಯ, ಅಂದರೆ ನಮ್ಮ ಮನೆಯ, ಹೊಸ್ತಿಲ ಮೇಲೆ ನಾನು ನಿಂತಿದ್ದೆ. ಬಲಗೈ ಬಾಗಿಲ ಚೌಕಟ್ಟನ್ನು ಹಿಡಿದಿತ್ತು. ಶುಕ್ರವಾರ ಮಧ್ಯಾಹ್ನ, ಪೀಣ್ಯದ ಕಡೆಯಿಂದ ಎರಡನೆಯ ಪಾಳಿಯ ಸೈರನ್ ಕೂಗಿ ಸ್ವಲ್ಪ ಹೊತ್ತಾಗಿತ್ತು. ಜ್ವರ ಬಂದು ನಾನು ಶಾಲೆಗೆ ಹೋಗಿರಲಿಲ್ಲ. ಜ್ವರದ ಸಂಗತಿಯನ್ನು ಮೊದಲೇ ಹೇಳಿಬಿಡುತ್ತೇನೆ, ನನ್ನ ಮಾತನ್ನು ತೂಗಿ ನೋಡುವವರಿಗೆ ಅದೂ ಗೊತ್ತಿರಬೇಕು. ಅಂಗಳದ ಆಚೆ, ನಮ್ಮ ಬಾಗಿಲಿಗೆ ನೇರ ಎದುರಾಗಿ, ಮನೆಯೊಡತಿ ಪುಟ್ಟಮ್ಮಜ್ಜಿಯ ಜಗಲಿ. ಜಗಲಿಯ ಮೂಲೆಯಲ್ಲಿ ಅಕ್ಕಿಯ ಡ್ರಮ್ಮು. ಡ್ರಮ್ಮಿನ ಮುಂದೆ ನಮ್ಮಪ್ಪ ಬಗ್ಗಿ ನಿಂತಿದ್ದ. ಎಡಗೈಯಲ್ಲಿ ಹಳೆಯ ಟವೆಲ್ಲಿತ್ತು. ಬಲಗೈ ಮೊಣಕೈಯವರೆಗೆ ಡ್ರಮ್ಮಿನೊಳಗಿತ್ತು. ಕೈ ಒಳಗೆ ಹೋದದ್ದನ್ನು ನಾನು ನೋಡಿಲ್ಲ. ನಾನು ಹೊಸ್ತಿಲಿಗೆ ಬರುವಷ್ಟರಲ್ಲಿ ಅದು ಒಳಗಿತ್ತು. ಹೊರಗೆ ಬರುವಾಗ ಅಪ್ಪ ಪಕ್ಕಕ್ಕೆ ಹೊರಳಿದ, ಅವನ ಬೆನ್ನು ಅಡ್ಡ ಬಂತು. ಆ ಕೈ ತುಂಬಿ ಹೋಗಿ ಖಾಲಿ ಬಂದದ್ದೋ, ಖಾಲಿ ಹೋಗಿ ತುಂಬಿ ಬಂದದ್ದೋ, ನನಗೆ ಅಂದೂ ತಿಳಿಯಲಿಲ್ಲ, ಇಂದೂ ತಿಳಿದಿಲ್ಲ.

ಇದು ಏಕೆ ದೊಡ್ಡ ವಿಷಯವಾಯಿತೆಂದು ಹೇಳಬೇಕಾದರೆ ಆ ಡ್ರಮ್ಮಿನ ಬಗ್ಗೆ ಹೇಳಬೇಕು. ನಾಗಸಂದ್ರದಲ್ಲಿ ಈಗ ಮೆಟ್ರೋ ಕಂಬಗಳು ನಿಂತಿರುವ ರಸ್ತೆಯಿಂದ ಒಳಕ್ಕೆ, ಪುಟ್ಟಮ್ಮಜ್ಜಿಗೆ ಒಂದಿಷ್ಟು ಜಾಗವಿತ್ತು. ಅವಳ ಮನೆಯವರ ಹೊಲಗಳು ಕಾರ್ಖಾನೆಗಳಿಗೆ ಹೋಗಿ, ಉಳಿದ ತುಂಡಿನಲ್ಲಿ ಸಾಲಾಗಿ ಎಂಟು ಮನೆ ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದಳು. ಒಂದು ಕೋಣೆ, ಅದರ ಹಿಂದೆ ಅಡುಗೆಗೆ ಗೋಡೆ ಎಳೆದ ಇನ್ನೊಂದು ಕಿರುಕೋಣೆ. ನೀರಿಗೆ ಅಂಗಳದ ನಲ್ಲಿ. ದಾವಣಗೆರೆ ಕಡೆಯಿಂದ ಬಂದ ನಾವು, ರೆಹಮತಕ್ಕ ಮತ್ತು ತಗಡಿನ ಕೆಲಸ ಮಾಡುವ ಅವಳ ಗಂಡ, ಕೇರಳದ ಒಂದು ಕುಟುಂಬ, ತುಮಕೂರು ಕಡೆಯವರು, ತಮಿಳರು, ಎಲ್ಲ ಮನೆಗಳ ಗಂಡಸರೂ ಪೀಣ್ಯದ ಒಂದಲ್ಲ ಒಂದು ಶೆಡ್ಡಿನಲ್ಲಿ ದುಡಿಯುತ್ತಿದ್ದರು. ಸಂಬಳದ ಕವರು ಗಂಡಸರ ಜೇಬಿನಲ್ಲಿ ಬರುತ್ತಿತ್ತು, ಗಂಡಸರ ಜೇಬಿನಿಂದಲೇ ಹೋಗುತ್ತಿತ್ತು. ಹೆಂಗಸರ ಕೈಗೆ ಬರುತ್ತಿದ್ದುದು ಅಕ್ಕಿ ಮಾತ್ರ. ಹಾಗಾಗಿ ಉಳಿತಾಯವೂ ಅಕ್ಕಿಯಿಂದಲೇ ಆಗಬೇಕೆಂದು ಪುಟ್ಟಮ್ಮಜ್ಜಿ ಕಂಡುಕೊಂಡಿದ್ದಳು. ಒಲೆಗಿಡಲು ಅಳೆದ ಅಕ್ಕಿಯಿಂದ, ತೊಳೆಯುವ ಮೊದಲು, ಒಂದು ಮುಷ್ಟಿ ವಾಪಸು ತೆಗೆದು ಬೇರೆ ಗಡಿಗೆಯಲ್ಲಿಡಬೇಕು. ಬೆಳಿಗ್ಗೆ ಒಂದು, ಸಂಜೆ ಒಂದು. ಶುಕ್ರವಾರ ಅದನ್ನು ಜಗಲಿಯ ಡ್ರಮ್ಮಿಗೆ ಸುರಿಯಬೇಕು. ತಿಂಗಳಿಗೊಮ್ಮೆ ಡ್ರಮ್ಮಿನ ಅಷ್ಟೂ ಅಕ್ಕಿ ಒಂದು ಮನೆಗೆ. ಆ ಮನೆಯವಳು ಆ ತಿಂಗಳು ಅಂಗಡಿಯಲ್ಲಿ ಅಕ್ಕಿ ಕೊಳ್ಳುವಂತಿಲ್ಲ. ಅಕ್ಕಿಗೆಂದು ಗಂಡ ಕೊಟ್ಟ ದುಡ್ಡು ಅವಳ ಹೆಸರಿನಲ್ಲಿ ಅಂಚೆ ಕಚೇರಿಗೆ ಹೋಗಬೇಕು.

"ಒಂದ್ ಮುಷ್ಟಿ ತಗುದ್ರೆ ಯಾರ್ ಒಟ್ಟೇನೂ ಬತ್ತಾಕಿಲ್ಲ ಕಣಮ್ಮ," ಎನ್ನುತ್ತಿದ್ದಳು ಪುಟ್ಟಮ್ಮಜ್ಜಿ. "ಗಂಡುಸ್ರು ದಿನಾ ಬೀಡಿ ಸೇದಿ ಬಿಸಾಕಾಕಿಲ್ವಾ? ಅವ್ರದ್ದು ಒಗೆ ಆಗೋಯ್ತದೆ. ನಮ್ದು ಡ್ರಮ್ಮಲ್ಲಿ ಇರ್ತದೆ."

ಎರಡು ಕಟ್ಟುಪಾಡುಗಳಿದ್ದವು. ಡ್ರಮ್ಮಿನ ಬಳಿ ಯಾರೇ ಬಂದರೂ ಅಲ್ಲಿದ್ದವರು ಗೋಡೆಯ ಕಡೆಗೆ ತಿರುಗಿಬಿಡಬೇಕು. ಯಾರ ಮಡಿಲಿನಲ್ಲಿ ಎಷ್ಟಿದೆ ಎಂದು ಇನ್ನೊಬ್ಬರು ನೋಡಕೂಡದು. ನೋಡಿದರೆ ಮಾತು ಬರುತ್ತದೆ, ಮಾತು ಬಂದರೆ ಇಲ್ಲದವಳು ಮುಂದಿನ ವಾರ ಬರುವುದಿಲ್ಲ. ಇದು ಮೊದಲನೆಯದು. ಯಾವುದಾದರೂ ಮನೆಯವರು ಡ್ರಮ್ಮಿನಿಂದ ತಮ್ಮ ಪಾಳಿಗೆ ಮೊದಲೇ ಅಕ್ಕಿ ತೆಗೆದರೆ ಆ ಮನೆಯ ಪಾಳಿ ಹೋಯಿತು. ಇದು ಎರಡನೆಯದು. ಈ ಎರಡೂ ಒಂದಕ್ಕೊಂದು ಹೊಂದುವುದಿಲ್ಲ, ಯಾರೂ ನೋಡದಿದ್ದರೆ ತೆಗೆದವರು ಯಾರೆಂದು ಗೊತ್ತಾಗುವುದು ಹೇಗೆ ಎಂದು ಅಷ್ಟು ವರ್ಷ ಯಾರಿಗೂ ಹೊಳೆದಿರಲಿಲ್ಲ. ನನಗೂ ಬಹಳ ತಡವಾಗಿ ಹೊಳೆಯಿತು.

ಅವ್ವನ ಜೊತೆ ನಾನು ಅಂಚೆ ಕಚೇರಿಗೆ ಮೊದಲ ಸಲ ಹೋದದ್ದು ಹಿಂದಿನ ಸುತ್ತಿನಲ್ಲಿ ನಮ್ಮ ಪಾಳಿ ಬಂದಾಗ. ದುಡ್ಡು ಕಟ್ಟಲು ಒಬ್ಬಳೇ ಹೋಗುವಂತಿರಲಿಲ್ಲ. ದಾರಿಯಲ್ಲಿ ಮನಸ್ಸು ಬದಲಾಗಬಾರದೆಂದು ಇನ್ನಿಬ್ಬರು ಜೊತೆಗೆ ಹೋಗುತ್ತಿದ್ದರು. ಪುಟ್ಟಮ್ಮಜ್ಜಿ ಮುಂದೆ, ಅವ್ವ ನಡುವೆ, ರೆಹಮತಕ್ಕ ಹಿಂದೆ, ಮದುವೆಗೆ ಹೊರಟವರ ಹಾಗೆ ಒಗೆದ ಸೀರೆ ಉಟ್ಟು. ಅವ್ವ ಹಣೆಗೆ ವಿಭೂತಿ ಹೊಸದಾಗಿ ಹಚ್ಚಿಕೊಂಡಿದ್ದಳು. ಕಿಟಕಿಯ ಹಿಂದಿದ್ದವರು ಅರ್ಜಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಕೇಳಿದರು:

"ಯಜಮಾನ್ರು ಬಂದಿಲ್ವೇನಮ್ಮ?"

ಅವ್ವ ನೆಲ ನೋಡಿದಳು. ಹಿಂದಿನಿಂದ ರೆಹಮತಕ್ಕ ಅವಳ ಬೆನ್ನಿಗೆ ಬೆರಳಿನಿಂದ ತಿವಿದಳು.

"ಯಜಮಾನ್ರು ಬಂದ್ರೆ ಅವ್ರುದ್ನ ಅವ್ರು ಕಟ್ಕತಾರೆ ಸ್ವಾಮಿ," ಎಂದಳು ಪುಟ್ಟಮ್ಮಜ್ಜಿ. "ಇದು ಈಯಮ್ಮಂದು. ನೀವ್ ಸೀಲ್ ಒತ್ರಿ."

ಆ ತಿಂಗಳು ಪೂರ್ತಿ ನಮ್ಮ ಮನೆಯ ಊಟದ ನೆನಪು ನನಗೆ ಚೆನ್ನಾಗಿದೆ. ಡ್ರಮ್ಮಿನಲ್ಲಿ ರೇಷನ್ ಅಕ್ಕಿ, ಸಣ್ಣಕ್ಕಿ, ಕೇರಳದವರ ಕೆಂಪು ಕುಸುಬಲಕ್ಕಿ ಎಲ್ಲ ಬೆರೆತಿರುತ್ತಿತ್ತು. ಒಂದು ಬೇಯುವಷ್ಟರಲ್ಲಿ ಇನ್ನೊಂದು ಕರಗಿ ಗಂಜಿಯಾಗುತ್ತಿತ್ತು. ಆ ಗಂಜಿಯ ನಡುವೆ ದಪ್ಪ ಕಾಳು ಹಲ್ಲಿಗೆ ಸಿಗುತ್ತಿತ್ತು. ಅಪ್ಪ ಸ್ನಾನ, ಲಿಂಗಪೂಜೆ ಮುಗಿಸಿ ತಟ್ಟೆಯ ಮುಂದೆ ಕೂತು ಒಂದು ತುತ್ತು ಬಾಯಿಗಿಟ್ಟು ಜಗಿದ. ಆಮೇಲೆ ಕೇಳಿದ:

"ಇದೇನ್ ಅನ್ನಾನೋ, ಜಲ್ಲಿಕಲ್ಲೋ?"

"ನಮ್ಮ ಪಾಳಿ ಬಂದೈತ್ರಿ. ಈ ತಿಂಗಳು ಹಿಂಗ."

"ಲೇತ್ ಮುಂದ ನಿಂತು ಕಬ್ಬಿಣದ ಚೂರು ನೋಡಿ ನೋಡಿ ಸಾಕಾಗೈತಿ. ಮನೀಗೆ ಬಂದ್ರ ಇಲ್ಲೂ ಅದನ್ನ ತಿನ್ನಬೇಕು."

ಹೀಗೆ ಅಂದರೂ ಇಡೀ ತಿಂಗಳು ಅದನ್ನೇ ಉಂಡ. ಅವ್ವ ಆ ದುಡ್ಡಿಗೆ ಒಂದು ಗುರಿ ಇಟ್ಟುಕೊಂಡಿದ್ದಳು. ಅವಳಿಗೊಂದು ಗ್ರೈಂಡರ್ ಬೇಕಿತ್ತು. ಫ್ಯಾಕ್ಟರಿಗಳ ಸುತ್ತ ಕೋಣೆ ಹಿಡಿದಿದ್ದ ಒಂಟಿ ಹುಡುಗರು ದಂಡಿಯಾಗಿದ್ದರು. ದೋಸೆ ಹಿಟ್ಟು ರುಬ್ಬಿಕೊಟ್ಟರೆ ಬೇಡ ಎನ್ನುವವರಿರಲಿಲ್ಲ. ಆದರೆ ತಂಗಿ ಹುಟ್ಟಿದಾಗ ಹೆರಿಗೆ ಕಷ್ಟವಾಗಿ ಆ ಉಳಿತಾಯವೆಲ್ಲ ಆಸ್ಪತ್ರೆಗೆ ಹೋಯಿತು. ಬಾಣಂತನ ಮುಗಿಸಿ ಎದ್ದವಳನ್ನು ನೋಡಲು ಬಂದ ವಠಾರದ ಹೆಂಗಸರು ಕೂಸಿಗೆ ಟೋಪಿ, ಸ್ವೆಟರ್ ತಂದಿದ್ದರು. ಪುಟ್ಟಮ್ಮಜ್ಜಿ ಮಾತ್ರ ಖಾಲಿ ಗಡಿಗೆಯೊಂದನ್ನು ತಂದು ಒಲೆಯ ಪಕ್ಕ ಇಟ್ಟು ಹೋದಳು. ಮರುದಿನದಿಂದ ಅವ್ವ ಮತ್ತೆ ಮುಷ್ಟಿ ತೆಗೆಯತೊಡಗಿದಳು. ಈ ಹೊಸ ಸುತ್ತಿನಲ್ಲಿ ಚೀಟಿ ಎತ್ತಿದಾಗ ನಮ್ಮ ಪಾಳಿ ಕೊನೆಗೆ ಬಂತು.

ಆ ಕೊನೆಯ ಪಾಳಿಗೆ ಇನ್ನೂ ಕೆಲವು ವಾರಗಳಿವೆ ಎನ್ನುವಾಗ ಅಪ್ಪನ ಫ್ಯಾಕ್ಟರಿಯ ಗೇಟಿಗೆ ಬೀಗ ಬಿತ್ತು. ಮಾಲೀಕರು ಬಂದು ಮಾತಾಡುತ್ತಾರೆ ಎಂದು ಮೊದಲು ಹೇಳಿದರು, ಆಮೇಲೆ ಯಾರೂ ಏನೂ ಹೇಳಲಿಲ್ಲ. ಅಪ್ಪ ಬೆಳಿಗ್ಗೆ ಗೇಟಿನ ಮುಂದೆ ಹೋಗಿ ಕೂತು ಬರುತ್ತಿದ್ದ. ಕೆಲವು ದಿನ ಹೆಚ್ಚು ಹೊತ್ತು ಕಾಣುತ್ತಿರಲಿಲ್ಲ, ಕೇಳಿದರೆ ರೇಗುತ್ತಿದ್ದ. ಮನೆಯಲ್ಲಿ ಅಳತೆಯ ಪಾವು ಒಂದೂವರೆಯಿಂದ ಒಂದಕ್ಕಿಳಿಯಿತು. ಆಗಲೂ ಅವ್ವ ಮುಷ್ಟಿ ತೆಗೆಯುವುದನ್ನು ಬಿಡಲಿಲ್ಲ. ಒಂದು ಸಂಜೆ ಅಪ್ಪ ಅದನ್ನು ನೋಡಿದ.

"ಇರೋದ ಇಷ್ಟು. ಅದ್ರಾಗ ಊರಿಗೆಲ್ಲ ಹಂಚ್ತೀಯೇನು?"

"ಊರಿಗಲ್ರಿ. ಇವತ್ತು ನಾ ಹಾಕಲಿಲ್ಲ ಅಂದ್ರ ನಾಳೆ ನಮ್ಮ ಪಾಳಿ ಬಂದಾಗ ಯಾವ ಮುಖ ಇಟ್ಕೊಂಡು ತಗೊಳ್ಳಲಿ?"

"ಮುಖ ತಿಂದ್ರ ಹೊಟ್ಟಿ ತುಂಬತೈತೇನು? ಪಾಳಿ ಬಂದ್ರ ಏನ್ ಮಾಡ್ತಿ? ಅಕ್ಕಿ ದುಡ್ಡು ಉಳಿಸ್ತಿ. ಅಕ್ಕಿಗೆ ದುಡ್ಡು ಕೊಡಾಕ ನನ್ನ ಹತ್ರ ಏನೈತಿ, ಉಳಿಸಾಕ?"

ಸಂಬಳವಿಲ್ಲದ ಮನೆಗೆ ಡ್ರಮ್ಮಿನ ಅಕ್ಕಿ ಬರೀ ಊಟ, ಉಳಿತಾಯವಲ್ಲ. ಅಪ್ಪ ಹೇಳಿದ್ದು ನಿಜವೇ ಆಗಿತ್ತು. ಅವ್ವ ಪಾವನ್ನು ಕೆಳಗಿಟ್ಟಳು. ಆಮೇಲೆ ನನ್ನನ್ನು ಕರೆದಳು.

"ಶಿವೂ, ಬಾ ಇಲ್ಲಿ. ಇನ್ಮ್ಯಾಲೆ ನೀ ತಗಿ. ನಿನ್ನ ಮುಷ್ಟಿ ಸಣ್ಣದು."

ಅಂದಿನಿಂದ ನಮ್ಮ ಮನೆಯ ಮುಷ್ಟಿ ನನ್ನದಾಯಿತು. ತೆಗೆದ ಅಕ್ಕಿ ಬೆರಳ ಸಂದಿಯಿಂದ ಸೋರಿ ಪಾವಿಗೇ ಬೀಳಲಿ ಎಂದು ನಾನು ಕೈಯನ್ನು ಸಡಿಲವಾಗಿ ಹಿಡಿಯುತ್ತಿದ್ದೆನೋ, ಬಿಗಿಯಾಗಿ ಹಿಡಿಯುತ್ತಿದ್ದೆನೋ, ಅದೂ ಈಗ ನೆನಪಿಲ್ಲ. ಎರಡೂ ಮಾಡಿರಬಹುದು. ಅಪ್ಪ ತಟ್ಟೆಯ ಮುಂದೆ ಕೂತು ನನ್ನ ಕೈಯನ್ನೇ ನೋಡುತ್ತಿದ್ದುದು ಮಾತ್ರ ನೆನಪಿದೆ.

ಮತ್ತೆ ಆ ಶುಕ್ರವಾರಕ್ಕೆ ಬರುತ್ತೇನೆ. ಅವ್ವ ತಂಗಿಯನ್ನು ಎತ್ತಿಕೊಂಡು ಸೂಜಿ ಹಾಕಿಸಲು ಹೋಗಿದ್ದಳು. ಜಗಲಿಯ ಇನ್ನೊಂದು ತುದಿಯಲ್ಲಿ ಪುಟ್ಟಮ್ಮಜ್ಜಿ ಮೊರದಲ್ಲಿ ಹುರುಳಿ ಆರಿಸುತ್ತಿದ್ದಳು. ರೆಹಮತಕ್ಕ ಪಕ್ಕದ ತಂತಿಯ ಮೇಲೆ ಬಟ್ಟೆ ಹರವುತ್ತಿದ್ದಳು. ಅಪ್ಪ ಡ್ರಮ್ಮಿನ ಬಳಿ ಬಂದದ್ದರಿಂದ, ಕಟ್ಟುಪಾಡಿನಂತೆ, ಇಬ್ಬರೂ ಬೆನ್ನು ತಿರುಗಿಸಿದ್ದರು. ಡ್ರಮ್ಮಿನ ಬಳಿ ಗಂಡಸೊಬ್ಬ ಬಂದದ್ದು ಅದೇ ಮೊದಲು. ಗಂಡಸಿಗೆ ಬೇರೆ ಕಟ್ಟುಪಾಡು ಇರಲಿಲ್ಲ. ಅಪ್ಪ ಟವೆಲ್ಲನ್ನು ಸುತ್ತಿ ಕಂಕುಳಲ್ಲಿಟ್ಟುಕೊಂಡು ಜಗಲಿಯಿಂದಿಳಿದ. ಆಗ ನನ್ನನ್ನು ಕಂಡ. ಅವನ ಅಂಗೈ ಬೆಳ್ಳಗಿತ್ತು. ಅಕ್ಕಿಯನ್ನು ಹಾಕಿದರೂ ಅಂಗೈಗೆ ಆ ಹುಡಿ ಹತ್ತುತ್ತದೆ, ತೆಗೆದರೂ ಹತ್ತುತ್ತದೆ.

"ಜ್ವರ ಬಿಡ್ತೇನಲೇ?" ಎಂದ. ಉತ್ತರಕ್ಕೆ ಕಾಯದೆ ಮನೆಯೊಳಗೆ ಹೋಗಿ, ಕೂಡಲೇ ಹೊರಬಂದು, ರಸ್ತೆಯ ಕಡೆ ನಡೆದ.

ಸಂಜೆ ಅವ್ವ ಅಡುಗೆಗೆಂದು ನಮ್ಮ ಅಕ್ಕಿ ಡಬ್ಬ ತೆಗೆದವಳು ಹಾಗೇ ನಿಂತಳು. ಡಬ್ಬದಲ್ಲಿ ಅಕ್ಕಿ ಬೆಳಿಗ್ಗೆಗಿಂತ ಹೆಚ್ಚಿತ್ತು. ಒಂದಿಷ್ಟನ್ನು ಅಂಗೈಗೆ ಹಾಕಿಕೊಂಡು ಬಾಗಿಲ ಬೆಳಕಿಗೆ ಬಂದಳು. ಸಣ್ಣಕ್ಕಿಯ ನಡುವೆ ಕುಸುಬಲಕ್ಕಿಯ ಕೆಂಪು ಕಾಳುಗಳಿದ್ದವು. ನಮ್ಮ ಮನೆಗೆ ಅದನ್ನು ಯಾವತ್ತೂ ಕೊಂಡವರಿರಲಿಲ್ಲ.

"ಇದು ನಮ್ಮನಿ ಅಕ್ಕಿ ಅಲ್ಲ," ಎಂದಳು. ಹೇಳಿದ್ದು ನನಗೋ, ತನಗೆ ತಾನೋ. ನಾನು ಮಧ್ಯಾಹ್ನ ಕಂಡದ್ದನ್ನು ಹೇಳಿದೆ.

"ಹಾಕಾಕತ್ತಿದ್ನೋ, ತಗಿಯಾಕತ್ತಿದ್ನೋ?"

"ಗೊತ್ತಾಗ್ಲಿಲ್ಲವ್ವ."

"ಸರಿಯಾಗಿ ನೆನಪು ಮಾಡ್ಕ್ಯಾ."

ನಾನು ಕಣ್ಣು ಮುಚ್ಚಿ ನೋಡಿದೆ. ಕೈ ಡ್ರಮ್ಮಿನೊಳಗಿತ್ತು, ಅಷ್ಟೇ ಕಾಣುತ್ತಿತ್ತು. ಅವ್ವನಿಗೆ ಬೇಕಾದ್ದು ಯಾವುದೆಂದು ನನಗೆ ಗೊತ್ತಿತ್ತು. ಹಾಕುತ್ತಿದ್ದ ಎಂದರೆ ಅವಳು ನಗುತ್ತಿದ್ದಳು. ಆದರೆ ಕಾಣದ್ದನ್ನು ಹೇಳಲು ಆಗಲಿಲ್ಲ. ಹೇಳಿದ್ದರೂ ಅಂಗೈಯ ಕೆಂಪು ಕಾಳುಗಳನ್ನು ಏನು ಮಾಡುವುದು? ಅವ್ವ ಕಾಳುಗಳನ್ನು ಹಿಡಿದುಕೊಂಡೇ ಅಂಗಳ ದಾಟಿದಳು. ನಾನು ಹಿಂದೆ ಹೋದೆ. ಜಗಲಿಯ ಮೇಲೆ ಪುಟ್ಟಮ್ಮಜ್ಜಿಯ ಮುಂದೆ ಕೈ ಚಾಚಿದಳು.

"ಅಜ್ಜಿ, ನಮ್ಮ ಡಬ್ಬದಾಗ ಸಿಕ್ಕತು. ನಮ್ಮನಿಯವರು ಡ್ರಮ್ಮಿನ್ಯಾಗ ಕೈ ಇಟ್ಟಿದ್ರಂತ, ಹುಡುಗ ನೋಡ್ಯಾನ. ನಮ್ಮ ಪಾಳಿ ಬ್ಯಾಡ. ಬಿಟ್ಟುಕೊಡ್ತೀನಿ."

ಪುಟ್ಟಮ್ಮಜ್ಜಿ ಅವಳ ಅಂಗೈಯನ್ನು ಬೆಳಕಿಗೆ ತಿರುಗಿಸಿ ನೋಡಿದಳು. ಆಮೇಲೆ ಕೆಂಪು ಕಾಳುಗಳನ್ನು ಒಂದೊಂದಾಗಿ ಆಯ್ದು ಬಾಯಿಗೆ ಹಾಕಿಕೊಂಡು ಜಗಿಯತೊಡಗಿದಳು.

"ಅಕ್ಕಿ ಮ್ಯಾಲೆ ಮನೆ ನಂಬ್ರ ಬರ್ದಿರ್ತಾರೇನಮ್ಮ?"

"ನೀವು ಅಲ್ಲೇ ಇದ್ರಲ್ಲ ಅಜ್ಜಿ. ನೋಡಿಲ್ಲೇನು?"

"ತಿರುಗ್ಬೇಕು ಅಂತ ಯೋಳಿದ್ದೋಳು ನಾನು. ನಾನೇ ನೋಡ್ಲಾ?" ಎಂದು ನನ್ನ ಕಡೆ ನೋಡಿದಳು. "ಏನಪ್ಪಾ, ಕೈ ಒಳೀಕ್ ಓಗಿದ್ ನೋಡ್ದಾ?"

"ಇಲ್ಲಜ್ಜಿ."

"ಈಚೀಕ್ ಬಂದಿದ್ದು?"

"ಇಲ್ಲ."

"ಆಯ್ತಲ್ಲ. ಏಯ್ ರೆಹಮತು, ನೀನ್ ನೋಡ್ದಾ?"

"ನಾನ್ ಗೋಡೆ ನೋಡ್ತಿದ್ದೆ ಅಜ್ಜಿ," ಎಂದಳು ರೆಹಮತಕ್ಕ ತನ್ನ ಬಾಗಿಲಿನಿಂದಲೇ. "ಸುಣ್ಣ ಬಿದ್ದೋಗಿದೆ ಅಲ್ಲಿ. ಬಾಡಿಗೆ ತಗೋತೀರಾ, ಸುಣ್ಣ ಹೊಡೆಸಲ್ಲ."

ಅಕ್ಕಪಕ್ಕದವರು ನಕ್ಕರು. ಅವ್ವ ನಗಲಿಲ್ಲ. ಪುಟ್ಟಮ್ಮಜ್ಜಿ ಅವಳ ಕೈಯನ್ನು ಬಿಡದೆ ಹೇಳಿದಳು, "ನಿನ್ ಪಾಳಿ ನಿಂದೇ. ನೀನ್ ಬಿಟ್ಕೊಟ್ರೆ ನಾಳೆ ಇನ್ನೊಬ್ಳು ಗಂಡ ಜಗಳಾಡ್ದ ಅಂತ ಬಿಟ್ಕೊಡ್ತಾಳೆ. ಆಮ್ಯಾಕೆ ಡ್ರಮ್ಮು ಯಾಕೆ? ನೀರ್ ತುಂಬ್ಸಿಡಾಣ."

ಊಟದ ಹೊತ್ತಿಗೆ ಅವ್ವ ಅಪ್ಪನನ್ನು ನೇರವಾಗಿ ಕೇಳಿದಳು. ಅವನು ಅವಳನ್ನು ನೋಡಿದ, ನನ್ನನ್ನು ನೋಡಿದ. "ಏನಂತ ತಿಳ್ಕೊಂಡೀಯೋ ಅದ ಇರ್ಲಿ," ಎಂದು ಕೈ ತೊಳೆದು ಎದ್ದ. ಕೋಪವೋ, ಅವಮಾನವೋ, ಆ ಮುಖವನ್ನು ನಾನು ಎಷ್ಟೋ ಸಲ ನೆನಪಿಗೆ ತಂದುಕೊಂಡಿದ್ದೇನೆ. ಎರಡಕ್ಕೂ ಅದು ಹೊಂದುತ್ತದೆ.

ನಮ್ಮ ಪಾಳಿಯ ದಿನ ಡ್ರಮ್ಮು ಬಾಯಿಯವರೆಗೆ ತುಂಬಿತ್ತು. ಅಷ್ಟು ಅಕ್ಕಿ ಅದಕ್ಕೆ ಮೊದಲು ಯಾರ ಪಾಳಿಗೂ ಬಂದಿರಲಿಲ್ಲ. ದುಡಿಮೆಗೆ ಬೀಗ ಬಿದ್ದ ಮನೆಯೆಂದು ಎಲ್ಲರೂ ಎರಡೆರಡು ಮುಷ್ಟಿ ತೆಗೆದಿದ್ದರೆಂದು ಕಾಣುತ್ತದೆ. ಗೋಡೆ ನೋಡುತ್ತಿದ್ದವರಿಗೆ ಗೊತ್ತಿರಲಿಕ್ಕಿಲ್ಲ, ಗೊತ್ತಿದ್ದರೂ ಯಾರೂ ಹೇಳಲಿಲ್ಲ. ಪುಟ್ಟಮ್ಮಜ್ಜಿ ಅರ್ಧವನ್ನು ಬೇರೆ ಪಾತ್ರೆಗೆ ಸುರಿಸಿದಳು.

"ಇದ್ನ ಅನ್ನ ಮಾಡ್ಬ್ಯಾಡ. ನೆನಾಕು. ಕುಸುಬಲು, ಬಿಳೇ ಅಕ್ಕಿ ಎರಡೂ ಐತೆ, ದೋಸೆಗೆ ಇದ್ರಂಗೆ ಬರೋದು ಯಾವ್ದೂ ಇಲ್ಲ. ಉದ್ದು ನಾನ್ ಕೊಡ್ತೀನಿ. ಮಾರಿದ್ ದುಡ್ಡೇ ನಿನ್ ಅಕ್ಕಿ ದುಡ್ಡು. ಅದ್ನ ಕಟ್ಟು."

ಹಿತ್ತಿಲಲ್ಲಿ ಅವಳ ಒರಳುಕಲ್ಲಿತ್ತು. ಕಂಕುಳಲ್ಲಿ ಕೂಸಿಟ್ಟುಕೊಂಡು ಅವ್ವನಿಗೆ ಗುಂಡು ತಿರುಗಿಸಲಾಗಲಿಲ್ಲ. ಎರಡನೆಯ ದಿನ ಅಪ್ಪ ಬಂದು, ಏನೂ ಹೇಳದೆ, ಲುಂಗಿ ಮಡಚಿ ಕಟ್ಟಿ ಒರಳಿನ ಮುಂದೆ ಕೂತ. ವಠಾರದ ಗಂಡಸರು ಹಾದುಹೋಗುವಾಗ ಕೆಣಕುತ್ತಿದ್ದರು.

"ಏನ್ ಗುರು, ಹೊಸ ಮಷೀನಾ?"

"ಹೂಂ. ಇದಕ್ಕ ಯಾವನೂ ಬೀಗ ಹಾಕಂಗಿಲ್ಲ," ಎಂದ ಅಪ್ಪ, ಕೈ ನಿಲ್ಲಿಸದೆ.

ಬಟ್ಟಲು ಹಿಡಿದು ಮೊದಲು ಬಂದವರು ವಠಾರದ ಮನೆಗಳವರೇ. ತಾವೇ ಕೊಟ್ಟ ಅಕ್ಕಿಯ ಹಿಟ್ಟನ್ನು ದುಡ್ಡು ಕೊಟ್ಟು ಕೊಂಡರು. ಆಮೇಲೆ ಕೋಣೆಗಳ ಹುಡುಗರು ಬಂದರು. ತಿಂಗಳ ಕೊನೆಗೆ ಮೂವರು ಹೆಂಗಸರು ಮತ್ತೆ ಒಗೆದ ಸೀರೆಯುಟ್ಟು ಅಂಚೆ ಕಚೇರಿಗೆ ಹೊರಟರು. ಈ ಸಲ ಅವ್ವ ಮುಂದೆ ನಡೆದಳು. ಅಪ್ಪನಿಗೆ ಬೇರೊಂದು ಶೆಡ್ಡಿನಲ್ಲಿ ಕಡಿಮೆ ಸಂಬಳದ ಕೆಲಸ ಸಿಕ್ಕ ಮೇಲೂ ಅವಳು ಹಿಟ್ಟು ನಿಲ್ಲಿಸಲಿಲ್ಲ. ಮುಂದಿನ ಸುತ್ತಿನ ಪಾಳಿಯ ಹೊತ್ತಿಗೆ ಗ್ರೈಂಡರ್ ಬಂತು. ಅದನ್ನು ಆಟೋದಿಂದ ಇಳಿಸಲು ಎಂಟೂ ಮನೆಯವರು ಕೈ ಕೊಟ್ಟರು.

ಆ ಗ್ರೈಂಡರ್ ತರುವ ದಿನ ಅಂಗಡಿಯ ಬಳಿ ಹಮಾಲಿಯೊಬ್ಬ ಅಪ್ಪನ ಹೆಗಲಿಗೆ ತಟ್ಟಿ, "ಏನಣ್ಣ, ಮಂಡಿ ಕಡೆ ಬರೋದೇ ಬಿಟ್ಬಿಟ್ಟೆ?" ಎಂದ. ಅವನ ಮಾತಿನಿಂದ ನಮಗೆ ತಿಳಿಯಿತು: ಬೀಗದ ದಿನಗಳಲ್ಲಿ ಅಪ್ಪ ಅಕ್ಕಿ ಮಂಡಿಯಲ್ಲಿ ಮೂಟೆ ಹೊತ್ತಿದ್ದ. ಅಲ್ಲಿ ಸಂಜೆಗೆ ಕೂಲಿಯ ಜೊತೆ, ನೆಲದಲ್ಲಿ ಚೆಲ್ಲಿ ಗುಡಿಸಿದ ಅಕ್ಕಿಯನ್ನೂ ಟವೆಲ್ಲಿಗೆ ಹಾಕುತ್ತಿದ್ದರಂತೆ. ಎಲ್ಲ ಮೂಟೆಗಳ ಅಕ್ಕಿ ಅದರಲ್ಲಿ ಬೆರೆತಿರುತ್ತದೆ, ಕೆಂಪು ಕುಸುಬಲಕ್ಕಿಯೂ. ಅಂದರೆ ನಮ್ಮ ಡಬ್ಬಕ್ಕೆ ಬಂದದ್ದು ಮಂಡಿಯ ಅಕ್ಕಿಯೇ ಇರಬಹುದು; ಅಪ್ಪ ಅದರಲ್ಲೊಂದು ಪಾಲನ್ನು ಅವ್ವನ ಲೆಕ್ಕಕ್ಕೆ ಡ್ರಮ್ಮಿಗೆ ಹಾಕಿರಬಹುದು. ಅವ್ವ ಇದನ್ನೇ ನಂಬಿದಳು, ಕೊನೆಯವರೆಗೂ. ಆದರೆ ಡ್ರಮ್ಮಿನ ಅಕ್ಕಿಯೂ ಬೆರಕೆ, ಮಂಡಿಯ ಅಕ್ಕಿಯೂ ಬೆರಕೆ. ಅವನು ಆ ಶುಕ್ರವಾರ ಮಂಡಿಗೆ ಹೋಗಿದ್ದನೋ ಇಲ್ಲವೋ ಹೇಳುವವರಿಲ್ಲ. ನಾನು ಮುಂದೆ ಪೀಣ್ಯದಲ್ಲೇ ಬಿಡಿಭಾಗಗಳ ತಪಾಸಣೆಯ ಕೆಲಸಕ್ಕೆ ಸೇರಿ, ಕಣ್ಣಿಗೆ ಕಾಣದಷ್ಟು ವ್ಯತ್ಯಾಸವನ್ನೂ ಅಳೆದು ಬರೆಯುತ್ತಾ ವರ್ಷಗಳನ್ನು ಕಳೆದೆ. ಆ ಒಂದು ಕೈಯನ್ನು ಮಾತ್ರ ಯಾವ ಕಡೆಗೂ ಬರೆಯಲಾಗಲಿಲ್ಲ.

ಅವ್ವ ತೀರಿಕೊಂಡ ಮೇಲೆ ಅಪ್ಪ ನನ್ನ ಜೊತೆಗಿದ್ದಾನೆ. ಒಂದು ಮಧ್ಯಾಹ್ನ ಊಟಕ್ಕೆ ಮುಂಚೆ ಕೇಳಿಯೇ ಬಿಟ್ಟೆ. ಮರೆತಿರಬೇಕು ಎಂದುಕೊಂಡಿದ್ದೆ.

"ನೀ ಬಾಗಲದಾಗ ನಿಂತಿದ್ದಿ. ಜ್ವರ ಬಂದಿತ್ತು ನಿನಗ," ಎಂದ. "ನೀ ಏನ್ ಕಂಡಿ, ಹೇಳು."

"ಕೈ ಒಳಗಿದ್ದದ್ದು ಕಂಡೆ."

"ಅಷ್ಟ ಕಂಡಿದ್ರ ಅಷ್ಟ ಹೇಳು."

ಅಷ್ಟನ್ನೇ ಇಲ್ಲಿ ಹೇಳಿದ್ದೇನೆ. ಆ ಮಧ್ಯಾಹ್ನ ಅಲ್ಲಿದ್ದವರಲ್ಲಿ ಪುಟ್ಟಮ್ಮಜ್ಜಿ ಹೋಗಿ ಬಹಳ ಕಾಲವಾಯಿತು. ರೆಹಮತಕ್ಕ ಕುಂದಲಹಳ್ಳಿಯಲ್ಲಿ ಮಗಳ ಮನೆಯಲ್ಲಿದ್ದಾಳೆ. ಹೋಗಿ ಕೇಳಿದರೆ ಇಂದಿಗೂ ಗೋಡೆಯ ಸುಣ್ಣದ ಸಂಗತಿಯನ್ನೇ ಹೇಳುತ್ತಾಳೆ. ಆ ಕೈಯನ್ನು ಹೋಗುವಾಗಲೂ ಬರುವಾಗಲೂ ಕಂಡವನು ಇನ್ನೊಬ್ಬನಿದ್ದಾನೆ. ಅವನು ಒಳಗೆ ಊಟಕ್ಕೆ ಕೂತಿದ್ದಾನೆ.